ನಾಲ್ಕು ದೀಪದ ಲೆಕ್ಕ

ಫ್ಯೂಸ್ ಹಸಿರು ಬಣ್ಣದ್ದಾಗಿತ್ತು, ಅಂದರೆ ಮೂವತ್ತು ಆಂಪಿಯರ್. ಅಲ್ಲಿ ಇರಬೇಕಾದದ್ದು ಹದಿನೈದರ ನೀಲಿ ಫ್ಯೂಸ್. ಕಾಡುದಾರಿಯ ಓಡಾಟಕ್ಕೆಂದು ನನ್ನ ಜೀಪಿಗೆ ನಾಲ್ಕು ದೀಪ ಹಾಕಿಸಿದ್ದೆ. ಅವುಗಳ ವೈರು ಮುಟ್ಟಿದರೆ ಬೆರಳು ಸುಡುತ್ತಿತ್ತು.

ಬಿನ್ನಿಪೇಟೆಯ ಮೆಕ್ಯಾನಿಕ್ ನಕ್ಕರು. “ಚಿಕ್ಕ ಫ್ಯೂಸ್ ಹೋಗ್ತಾನೇ ಇತ್ತು ಮೇಡಂ. ದೊಡ್ಡದು ಹಾಕ್ದೆ, ಇನ್ನು ಹೋಗಲ್ಲ.”

“ಫ್ಯೂಸ್ ಹೋಗಲ್ಲ, ವೈರ್ ಹೊತ್ಕೊಳ್ಳತ್ತೆ. ನಾಲ್ಕೂ ಸೇರಿ ಹದಿನೆಂಟು ಆಂಪಿಯರ್ ಎಳೀತವೆ. ಈ ವೈರ್ ತಡಿಯೋದು ಹದಿನೈದೇ.”

“ಕಾಲೇಜ್ ಲೆಕ್ಕ ಬಿಡಿ. ಮನೇಲಿ ಗಂಡಸ್ರಿದ್ರೆ ಕಳ್ಸಿ, ಅವ್ರಿಗೆ ಹೇಳ್ತೀನಿ.”

“ಗಾಡಿ ನಂದು. ಬೆಂಕಿ ಹತ್ತಿದ್ರೆ ಒಳಗಿರೋಳೂ ನಾನೇ. ಹದಿನೈದರ ಹೊಸ ಫ್ಯೂಸ್ ಕೊಡಿ.”

ಅವರು ಕೊಟ್ಟರು. ಅಲ್ಲೇ ಬದಲಾಯಿಸಿದೆ.

ಮರುದಿನ ಬೆಳಿಗ್ಗೆ ಹನುಮಂತನಗರದ ಮನೆಯ ಮುಂದೆ, ಎದುರುಮನೆಯವರು ನೋಡುತ್ತಿದ್ದಂತೆಯೇ, ಸ್ಪ್ಯಾನರ್ ಹಿಡಿದು ಎರಡು ದೀಪಗಳನ್ನು ನಾನೇ ಬಿಚ್ಚಿದೆ. ಉಳಿದೆರಡು ಎಳೆಯುವುದು ಒಂಬತ್ತೇ ಆಂಪಿಯರ್.