ಮೂರು ತಾಲ್ಲೂಕಿನ ಸೆಟ್ಟಿಂಗ್

ಸಾಗರ, ಹೊಸನಗರ, ತೀರ್ಥಹಳ್ಳಿ ಮೂರೂ ಕಡೆ ಕರೆಂಟ್ ಹೋಗಿ ಬಂದರೆ ಜನ ಫ್ಯಾನ್ ಹಾಕಿಕೊಳ್ಳುತ್ತಾರೆ, ಮಿಕ್ಸಿ ತಿರುಗಿಸುತ್ತಾರೆ. ಬಿಂದುವಿಗೆ ಮಾತ್ರ ಫೋನ್ ಬರುತ್ತಿತ್ತು.

ಮೂವತ್ತಾರರ ಬಿಂದು ಹೊಸನಗರದವಳು. ಪಾಲಿಟೆಕ್ನಿಕ್ ಮುಗಿಸಿ, ಸೈಬರ್ ಸೆಂಟರಿನಲ್ಲಿ ಅರ್ಜಿ ತುಂಬಿಸುತ್ತಲೇ ಹಳೆಯ ಪುಸ್ತಕವೊಂದನ್ನು ಇಟ್ಟುಕೊಂಡು ಜಾವಾ ಪ್ರೋಗ್ರಾಮಿಂಗ್ ಕಲಿತಳು. ಆಮೇಲೆ ಒಂದು ಟ್ರಸ್ಟಿನಲ್ಲಿ ಕೆಲಸ ಸಿಕ್ಕಿತು. ಮಂಗನ ಕಾಯಿಲೆಯ ಕಾಲದಲ್ಲಿ ಜ್ವರ ಬಂದವರ ರಕ್ತ ಪರೀಕ್ಷೆ ಮಾಡಲು ಟ್ರಸ್ಟು ಮೂರು ತಾಲ್ಲೂಕಿನಲ್ಲೂ ಒಂದೊಂದು ಲ್ಯಾಬ್ ಇಟ್ಟಿತ್ತು. ಮೂರರ ಕಂಪ್ಯೂಟರೂ ಅವಳ ತಲೆಗೇ. ಖಾಸಗಿ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು, ಮೂಗಿಗೆ ನಿಂಬೆಹಣ್ಣು ಹಿಡಿದುಕೊಂಡು, ತಿರುವುಗಳನ್ನು ಬೈಯುತ್ತ ವಾರವಿಡೀ ಓಡಾಡುವುದೇ ಅವಳ ಬದುಕಾಗಿತ್ತು.

ಹೋದ ವರ್ಷಕ್ಕೂ ಹಿಂದಿನ ವರ್ಷದ ನವೆಂಬರಿನಲ್ಲಿ ಟ್ರಸ್ಟಿಗೆ ಹೊಸ ಸಾಫ್ಟ್‌ವೇರ್ ಬಂತು. ಯಾವುದೋ ಊರಿನ ಕಂಪನಿ ಮಾಡಿಕೊಟ್ಟಿದ್ದು. ಎಲ್ಲ ಫೈಲೂ ಸೇರಿಸಿ ಕಟ್ಟಿದ ಒಂದೇ ದೊಡ್ಡ ಪೊಟ್ಟಣ. ಅದರೊಳಗೆ ನಾಲ್ಕು ಮಾಡ್ಯೂಲ್: ಒಂದು ಹೆಸರು ಬರೆದುಕೊಳ್ಳುವುದಕ್ಕೆ, ಒಂದು ರಕ್ತದ ಮಾದರಿಗೆ, ಒಂದು ಫಲಿತಾಂಶಕ್ಕೆ, ಕೊನೆಯದು ಊರಿಗೆ ಸಂದೇಶ ಕಳಿಸುವುದಕ್ಕೆ. ಪೊಟ್ಟಣದ ಮೇಲ್ಪದರದಲ್ಲಿ ಒಂದು ಸೆಟ್ಟಿಂಗ್ ಫೈಲು. ಅದರಲ್ಲಿ ಒಂದು ಸಾಲು: ಸಂದೇಶದ ಸ್ಥಿತಿ, ಪ್ರಾಯೋಗಿಕ. ಅದನ್ನು 'ಚಾಲ್ತಿ' ಎಂದು ಮಾಡಿ ಕಳಿಸಬೇಕಾಗಿತ್ತು, ಇಲ್ಲವಾದರೆ ಊರಿಗೆ ಸಂದೇಶ ಹೋಗುವುದಿಲ್ಲ. ಕಂಪನಿಯವರು ಮಾಡಲಿಲ್ಲ. ಮಾಡದೇ ಸೀಲ್ ಹಾಕಿ ಕೊಟ್ಟರು.

ಮೂರೂ ಲ್ಯಾಬಿಗೆ ಸೇರಿ ತೀರ್ಥಹಳ್ಳಿಯಲ್ಲಿ ಒಂದೇ ಸರ್ವರ್ ಇತ್ತು, ಅದರಲ್ಲಿ ಬಿಚ್ಚಿಕೊಂಡಿದ್ದ ಪ್ರತಿಯಲ್ಲಿ ಬಿಂದು ಆ ಪದ ತಿದ್ದಿದಳು. ಕೆಲಸ ಮುಗಿಯಿತು ಅಂದುಕೊಂಡಳು. ಆದರೆ ಕರೆಂಟ್ ಹೋಗಿ ಸರ್ವರ್ ಮತ್ತೆ ಶುರುವಾದಾಗ ಅದು ಮೂಲ ಪೊಟ್ಟಣವನ್ನು ಹೊಸದಾಗಿ ಬಿಚ್ಚುತ್ತಿತ್ತು. ಅವಳ ತಿದ್ದುಪಡಿ ಮಾಯ, 'ಪ್ರಾಯೋಗಿಕ' ಹಾಜರ್. ಇಡೀ ರಾಜ್ಯಕ್ಕೆ ಬೆಳಕು ಕೊಡಲು ಲಿಂಗನಮಕ್ಕಿ ಅಣೆಕಟ್ಟಿನಲ್ಲಿ ಊರೂರೇ ಮುಳುಗಿಸಿದ ಸೀಮೆಯಲ್ಲಿ ದಿನಕ್ಕೆ ಎಷ್ಟು ಸಲ ಕರೆಂಟ್ ಹೋಗುತ್ತದೆಂದು ಹೇಳುವುದಕ್ಕೂ ನಾಚಿಕೆಯಾಗಬೇಕು. ಇನ್ವರ್ಟರ್ ಇತ್ತು, ಇಲ್ಲವೆಂದಲ್ಲ. ಅದಕ್ಕೆ ಟ್ರಸ್ಟಿನ ಸಂಸ್ಥಾಪಕರ ಫೋಟೋದ ಮುಂದಿನ ಬಲ್ಬು ಜೋಡಿಸಿದ್ದರು. ಆ ಬಲ್ಬು ಆರಬಾರದಂತೆ. ಸರ್ವರ್ ಆರಬಹುದು!

ತೀರ್ಥಹಳ್ಳಿಯ ಮುಖ್ಯ ಕಚೇರಿಯಲ್ಲಿ ಕೂರುವ ಆಡಳಿತಾಧಿಕಾರಿ ಹರಿಪ್ರಸಾದ್ ಹತ್ತಿರ ಅವಳು ಹೋಗಿ ಹೇಳಿದಳು. "ಸರ್, ಪ್ರತಿಸಲ ನಾನು ಕೈಯಲ್ಲಿ ತಿದ್ದೋದು ಸರಿಯಲ್ಲ. ಪೊಟ್ಟಣ ಬಿಚ್ಚಿ, ಸೆಟ್ಟಿಂಗ್ ಹೊರಗೆ ತೆಗೆದು, ಒಂದೊಂದು ತಾಲ್ಲೂಕಿಗೆ ಒಂದೊಂದು ಫೈಲ್ ಮಾಡಿದ್ರೆ ಮುಗೀತು. ಅರ್ಧ ದಿನದ ಕೆಲಸ."

"ಎಂತ ಮಾರಾಯ್ತಿ, ಸೀಲ್ ಒಡೆದ್ರೆ ಗ್ಯಾರಂಟಿ ಹೋಗ್ತದೆ ಅಂತ ಕರಾರಲ್ಲೇ ಇದೆ. ನೀನು ಹೆಂಗೂ ತಿದ್ತಾ ಇದ್ದೀಯಲ್ಲ, ನಡೀತದೆ ಬಿಡು," ಎಂದ ಹರಿಪ್ರಸಾದ್. ಎಲೆಅಡಿಕೆ ಬಾಯಲ್ಲಿಟ್ಟುಕೊಂಡೇ ಅಂದ.

ನಡೀತದೆ. ಈ ಒಂದು ಮಾತು ಕೇಳಿ ಕೇಳಿ ಅವಳಿಗೆ ಹೇಸಿಗೆ ಹುಟ್ಟಿತ್ತು. ಮೂರು ಪತ್ರ ಬರೆದಳು, ಕರೆಂಟ್ ಹೋದ ತಾರೀಖು, ಗಂಟೆ ಎಲ್ಲ ನೋಟ್‌ಬುಕ್ಕಿನಲ್ಲಿ ಗುರುತು ಹಾಕಿ ತೋರಿಸಿದಳು. ಕಂಪನಿಗೂ ಫೋನ್ ಮಾಡಿದಳು. "ಏನೂ ತೊಂದರೆ ಇಲ್ಲ ಮೇಡಂ, ಪ್ರಾಯೋಗಿಕ ಸ್ಥಿತಿಯಲ್ಲಿ ಸಂದೇಶಗಳು ಒಳಗೇ ನಿಂತಿರ್ತವೆ, ನೀವು ಚಾಲ್ತಿ ಮಾಡಿದ ಕೂಡಲೇ ಹೋಗ್ತವೆ," ಎಂದರು. ಪುಣ್ಯಕ್ಕೆ ಅಷ್ಟಾದರೂ ಇದೆಯಲ್ಲ ಎಂದು ಅವಳು ನಂಬಿದಳು. ಅಲ್ಲಿಂದ ಮುಂದೆ ಒಂದು ವರ್ಷ ಅದೇ ಪಾಡು. ಕರೆಂಟ್ ಬಂದ ಕೂಡಲೇ ಲ್ಯಾಬಿನವರು ಫೋನ್ ಮಾಡುವುದು, ಇವಳು ಎಲ್ಲಿದ್ದರೂ ಮೊಬೈಲಿನಿಂದಲೇ ಸರ್ವರಿಗೆ ಹೊಕ್ಕು ಪದ ತಿದ್ದುವುದು. ಊಟದ ಎಲೆಯ ಮುಂದೆ, ಮದುವೆ ಮನೆಯಲ್ಲಿ, ಅಮ್ಮನ ಕಣ್ಣಿನ ಆಪರೇಷನ್ ದಿನ ಆಸ್ಪತ್ರೆಯ ಬೆಂಚಿನಲ್ಲಿ.

ಈ ಸಂದೇಶ ಯಾಕೆ ಅಷ್ಟು ಮುಖ್ಯವೆಂದರೆ, ಕಾಡಂಚಿನ ಊರುಗಳಿಗೆ ದಿನಕ್ಕೆ ಒಂದೋ ಎರಡೋ ಬಸ್ಸು. ಫಲಿತಾಂಶ ಕೇಳಲೆಂದು ಯಾರೂ ಸುಮ್ಮನೆ ಬರುವುದು ಬೇಡ ಎಂದು ಟ್ರಸ್ಟೇ ಸಾರಿತ್ತು. ಕಾಯಿಲೆ ಇದ್ದರೆ ಆಶಾ ಕಾರ್ಯಕರ್ತೆಗೆ ಮೆಸೇಜು ಹೋಗುತ್ತದೆ, ಅವಳು ಜೀಪು ಮಾಡಿಸಿ ಕರೆತರುತ್ತಾಳೆ. ಮೆಸೇಜು ಬರದಿದ್ದರೆ ಏನೂ ಇಲ್ಲವೆಂದೇ ಅರ್ಥ. ಜನ ಅದನ್ನೇ ನಂಬಿಕೊಂಡರು. ಮೂರು ದಿನ ಮೆಸೇಜು ಬಾರದಿದ್ದರೆ ದೇವರಿಗೆ ಕಾಯಿ ಒಡೆದು ಮತ್ತೆ ಒಣಗಿದ ದರಗೆಲೆ ಗುಡಿಸಲು ಕಾಡಿಗೆ ಹೋಗುವವರೂ ಇದ್ದರು.

ಈ ವರ್ಷ ಫೆಬ್ರವರಿಯ ಒಂದು ಶುಕ್ರವಾರ ಬೆಳಗ್ಗೆ ಬಿಂದು ಹೊಸನಗರದ ಲ್ಯಾಬಿನಲ್ಲಿದ್ದಾಗ ಬಾಗಿಲಿಗೆ ಜೀಪು ಬಂದು ನಿಂತಿತು. ಆಶಾ ಕಾರ್ಯಕರ್ತೆ ರಂಗಮ್ಮ ಇಳಿದಳು. ಹಿಂದಿನ ಸೀಟಿನಲ್ಲಿ ಕನ್ನಮ್ಮ ಎಂಬ ಕೂಲಿ ಹೆಂಗಸು ಮಲಗಿದ್ದಳು. ಒಸಡಿನಿಂದ ರಕ್ತ ಬಂದು ಸೆರಗಿನ ತುದಿ ಕಂದುಬಣ್ಣಕ್ಕೆ ತಿರುಗಿತ್ತು.

"ಸೋಮವಾರ ರಕ್ತ ಕೊಟ್ಟಿದ್ದು. ಮೆಸೇಜೇ ಬರ್ಲಿಲ್ವಲ್ಲ ಮೇಡಂ. ಏನೂ ಇಲ್ಲ ಅಂದ್ಕಂಡ್ವಿ. ನಿನ್ನೆ ತನಕ ಸೊಪ್ಪು ಹೊತ್ತಿದಾಳೆ ಇವ್ಳು," ಎಂದಳು ರಂಗಮ್ಮ.

ಬಿಂದು ಕಂಪ್ಯೂಟರಿನಲ್ಲಿ ಹೆಸರು ಹುಡುಕಿದಳು. ಫಲಿತಾಂಶ: ಕಾಯಿಲೆ ಇದೆ. ಮಂಗಳವಾರ ಹನ್ನೊಂದೂ ಐವತ್ತು. ಪಕ್ಕದಲ್ಲಿ 'ಸಂದೇಶ ಕಳಿಸಲಾಗಿದೆ' ಎಂದು ಹಸಿರು ಗುರುತು. ಅವಳು ನೋಟ್‌ಬುಕ್ ತೆಗೆದು ನೋಡಿದಳು. ಮಂಗಳವಾರ ಹನ್ನೊಂದೂ ನಲವತ್ತಕ್ಕೆ ತೀರ್ಥಹಳ್ಳಿಯಲ್ಲಿ ಕರೆಂಟ್ ಬಂದು ಸರ್ವರ್ ಮತ್ತೆ ಶುರುವಾಗಿತ್ತು. ಅವಳು ಸಾಗರದ ಬಸ್ಸಿನಲ್ಲಿ ಕಾಡಿನ ನಡುವೆ ಇದ್ದಳು, ನೆಟ್‌ವರ್ಕ್ ಸಿಕ್ಕಿ ಪದ ತಿದ್ದುವಾಗ ಎರಡು ಗಂಟೆ. ನಿಂತಿದ್ದ ಸಂದೇಶ ಆಗ ಹೋಗಬೇಕಿತ್ತು. ಹೋಗಿರಲಿಲ್ಲ.

ಕನ್ನಮ್ಮನನ್ನು ಅದೇ ಜೀಪಿನಲ್ಲಿ ಘಟ್ಟದ ಕೆಳಗಿನ ದೊಡ್ಡಾಸ್ಪತ್ರೆಗೆ ಕಳಿಸಿ ಬಿಂದು ತೀರ್ಥಹಳ್ಳಿಯ ಬಸ್ಸು ಹತ್ತಿದಳು. ಹರಿಪ್ರಸಾದ್ ಎಲ್ಲ ಕೇಳಿಕೊಂಡು ಒಂದು ಬಿಳಿ ಹಾಳೆ ಮುಂದಿಟ್ಟ. "ಆಪರೇಟರ್ ಕೈತಪ್ಪಿನಿಂದ ಹೀಂಗಾಯ್ತು ಅಂತ ಬರೆದುಕೊಡು. ದೊಡ್ಡದು ಮಾಡೋದು ಬೇಡ."

ಅವಳು ಹಾಳೆ ಮುಟ್ಟಲಿಲ್ಲ. ಕ್ಯಾಬಿನ್ನಿನ ಪಕ್ಕದ ಸರ್ವರ್ ಕೋಣೆಗೆ ಹೋಗಿ ಕೂತಳು. ನಡುವೆ ಬರೀ ಪ್ಲೈವುಡ್ ಗೋಡೆ. ಸೀಲ್ ಹಾಕಿದ್ದ ಪೊಟ್ಟಣವನ್ನು ಬಿಚ್ಚಿದಳು. ಗ್ಯಾರಂಟಿ ಹಾಳಾಗಿ ಹೋಗಲಿ ಎಂದು ಬಾಯಿಬಿಟ್ಟೇ ಬೈದಳು. ಒಂದು ವರ್ಷದಲ್ಲಿ ಮೊದಲ ಸಲ ಸಂದೇಶದ ಮಾಡ್ಯೂಲಿನ ಒಳಗಿನ ಸೆಟ್ಟಿಂಗ್ ಕಣ್ಣಿಗೆ ಬಿತ್ತು. ಅಲ್ಲಿ ಯಾವುದನ್ನೂ ತಡೆದಿಡುವ ಏರ್ಪಾಡೇ ಇರಲಿಲ್ಲ. ಪ್ರಾಯೋಗಿಕ ಸ್ಥಿತಿಯಲ್ಲಿ ಎಲ್ಲ ಸಂದೇಶವೂ ಒಂದೇ ಮೊಬೈಲ್ ನಂಬರಿಗೆ ಹೋಗಲಿ ಎಂದು ಬರೆದಿತ್ತು. ನಂಬರೂ ಇತ್ತು. ಅವಳು ಡಯಲ್ ಮಾಡಿದಳು.

"ಹಲೋ, ಯಾರು?"

ಧ್ವನಿ ಕಿವಿಯಲ್ಲಿ ಕೇಳಿತು, ಪ್ಲೈವುಡ್ ಆಚೆಯಿಂದಲೂ ಕೇಳಿತು.

ಅವಳು ಎದ್ದು ಹೋದಾಗ ಹರಿಪ್ರಸಾದ್ ಟ್ರಸ್ಟಿನ ಎರಡನೇ ಫೋನ್ ಕೈಯಲ್ಲಿ ಹಿಡಿದು ಕೂತಿದ್ದ. ಉದ್ಘಾಟನೆಯ ದಿನ ವೇದಿಕೆಯ ಮೇಲೆ ಅತಿಥಿ ಗುಂಡಿ ಒತ್ತಿದಾಗ ಟಿಣ್ ಎಂದು ಸದ್ದಾಗಲಿ ಎಂದು ಅವನೇ ಕಂಪನಿಗೆ ಆ ನಂಬರ್ ಕೊಟ್ಟಿದ್ದನಂತೆ. ಚಪ್ಪಾಳೆ ಬಿದ್ದಿತ್ತಂತೆ. ಆಮೇಲೂ ಆಗಾಗ ಮೆಸೇಜು ಬರುತ್ತಿತ್ತು, ಎಲ್ಲರಿಗೂ ಹೋಗುವುದರ ನಕಲು ಅಂದುಕೊಂಡಿದ್ದನಂತೆ. "ಕಿರಿಕಿರಿ ಅಂತ ಮ್ಯೂಟ್ ಮಾಡಿದ್ದೆ ಮಾರಾಯ್ತಿ. ಓದ್ಲಿಲ್ಲೆ," ಎಂದ. ಗಾಬರಿಯಲ್ಲಿ ಮನೆಮಾತು ಹೊರಬಿದ್ದಿತ್ತು.

ಬಿಂದು ಫೋನ್ ಕಿತ್ತುಕೊಂಡು ನೋಡಿದಳು. ಹತ್ತೊಂಬತ್ತು ಸಂದೇಶ. ಮೇಲೆ ಕನ್ನಮ್ಮನದು. ಹೆಚ್ಚಿನವರು ಜ್ವರ ಏರಿದಾಗ ತಾವಾಗಿಯೇ ಆಸ್ಪತ್ರೆ ಸೇರಿ ಬದುಕಿದ್ದರು. ಕೆಳಗೆ ಸರಿಸುತ್ತ ಹೋದಂತೆ ಹೋದ ವರ್ಷದ ಫೆಬ್ರವರಿಯ ಒಂದು ಹೆಸರು ಬಂತು: ಅಮಿತಾ, ತಂದೆ ಗಿರಿಯಪ್ಪ, ಸಾಗರ ತಾಲ್ಲೂಕು. ಇಪ್ಪತ್ತೆರಡು ವರ್ಷ, ಹೊಲಿಗೆ ಕಲಿಯುತ್ತಿದ್ದವಳು, ಸತ್ತಿದ್ದಳು. ಮನೆಯವರು ಸಕಾಲದಲ್ಲಿ ಕರೆತರಲಿಲ್ಲ, ಜನರಲ್ಲಿ ಅರಿವಿನ ಕೊರತೆ ಎಂದು ಟ್ರಸ್ಟು ಪೇಪರಿಗೆ ಹೇಳಿಕೆ ಕೊಟ್ಟಿತ್ತು. ಹೇಳಿಕೆ ಹರಿಪ್ರಸಾದನದು, ಟೈಪ್ ಮಾಡಿದವಳು ಬಿಂದು. ಅವತ್ತೂ ಹಸಿರು ಗುರುತು ನೋಡಿಯೇ ಮಾಡಿದ್ದಳು. ಆ ಗುರುತಿನ ಹೊತ್ತನ್ನು ತನ್ನದೇ ನೋಟ್‌ಬುಕ್ಕಿನ ಗಂಟೆಯ ಜೊತೆ ಹೋಲಿಸಿ ನೋಡಿದ್ದರೆ ಸಾಕಿತ್ತು. ಇಷ್ಟು ದಿನ ಊರನ್ನೆಲ್ಲ ಅಸಹ್ಯಪಟ್ಟುಕೊಂಡವಳಿಗೆ ಈಗ ತನ್ನ ಕೈ ಕಂಡರೇ ಅಸಹ್ಯವಾಯಿತು.

ಸಂಜೆಯೊಳಗೆ ಅವಳು ಪೊಟ್ಟಣವನ್ನು ಹೊಸದಾಗಿ ಕಟ್ಟಿದಳು, ಮೂರು ತಾಲ್ಲೂಕಿಗೆ ಮೂರು ಸೆಟ್ಟಿಂಗ್ ಫೈಲು ಮಾಡಿದಳು, ಎಲ್ಲವನ್ನೂ 'ಚಾಲ್ತಿ'ಗೆ ಕಟ್ಟಿಹಾಕಿದಳು. ಸರ್ವರಿನ ಪ್ಲಗ್ಗನ್ನು ತಾನೇ ಕಿತ್ತು ಮತ್ತೆ ಚುಚ್ಚಿ ನೋಡಿದಳು. ಪದ ಬದಲಾಗಲಿಲ್ಲ. ನಿಜಕ್ಕೂ ಅರ್ಧ ದಿನದ ಕೆಲಸವೇ ಆಗಿತ್ತು. ಹರಿಪ್ರಸಾದ್ ಬಾಗಿಲಲ್ಲಿ ನಿಂತು ನೋಡಿದ, ಬೇಡ ಎನ್ನಲಿಲ್ಲ. ಎಂಟು ದಿನದ ಮೇಲೆ ರಂಗಮ್ಮ ಫೋನ್ ಮಾಡಿ, ಕನ್ನಮ್ಮ ಗಂಜಿ ಕುಡಿದಳು, ಬದುಕಿಕೊಂಡಳು ಎಂದಳು.

ಮರುದಿನ ಭಾನುವಾರ ಬಿಂದು ಸಾಗರದಿಂದ ಇನ್ನೊಂದು ಬಸ್ಸು ಹಿಡಿದು ಹಿನ್ನೀರಿನ ಬದಿಯ ಊರಿಗೆ ಹೋದಳು. ಗಿರಿಯಪ್ಪ ಜಗಲಿಯಲ್ಲಿ ಕತ್ತಿಗೆ ಹಿಡಿ ಹಾಕುತ್ತ ಕೂತಿದ್ದ. ಲ್ಯಾಬಿನವಳು ಎಂದ ಕೂಡಲೇ ಎದ್ದು ನಿಂತ.

"ತಡ ಮಾಡ್ದೆ ಮೇಡಂ. ಹೆಂಡ್ತಿ ಮೊದ್ಲೇ ಹೇಳಿದ್ಲು, ಕರ್ಕಂಡು ಹೋಗಾಣ ಅಂತ. ಮೆಸೇಜು ಬರ್ಲಿಲ್ಲ, ಏನೂ ಆಗಿರಲ್ಲ ಅಂತ ನಾನೇ ತಡೆದೆ," ಎಂದು ಅವಳು ಕೇಳುವ ಮೊದಲೇ ಹೇಳಿದ. ವರ್ಷವಿಡೀ ಬಂದವರಿಗೆಲ್ಲ ಹಾಗೇ ಹೇಳಿರಬೇಕು.

"ನೀವು ತಡ ಮಾಡ್ಲಿಲ್ಲ. ಮೆಸೇಜು ನಮ್ಮ ಆಫೀಸಿನ ಫೋನಿಗೇ ಬಂದು ಬಿದ್ದಿತ್ತು. ಯಾರೂ ಓದ್ಲಿಲ್ಲ," ಎಂದಳು ಬಿಂದು. ಇದ್ದದ್ದು ಇದ್ದ ಹಾಗೆ ಎಲ್ಲ ಹೇಳಿದಳು.

ಗಿರಿಯಪ್ಪ ಕೇಳಿದ, "ಹಿಂಗಾಗ್ತದೆ ಅಂತ ನಿಮಗೆ ಗೊತ್ತಿತ್ತಾ?"

"ಮೆಸೇಜು ತಡ ಆಗ್ತದೆ ಅಂತ ಗೊತ್ತಿತ್ತು. ಬರೋದೇ ಇಲ್ಲ ಅಂತ ಗೊತ್ತಿರ್ಲಿಲ್ಲ. ಬಿಚ್ಚಿ ನೋಡಿದ್ರೆ ಗೊತ್ತಾಗ್ತಿತ್ತು. ನೋಡ್ಲಿಲ್ಲ."

ಅವನು ಬೈಯುತ್ತಾನೆಂದು ಅವಳು ಕಾದಳು, ಬೈಯಲಿ ಎಂದೇ ಬಂದಿದ್ದಳು. ಅವನು ಕತ್ತಿ ಕೆಳಗಿಟ್ಟು ಒಳಗಿನ ಬಾಗಿಲ ಕಡೆ ಕೈ ತೋರಿಸಿದ.

"ಒಳಗೆ ಹೋಗಿ ಅಮಿತಾನ ಅವ್ವಂಗೂ ಇದನ್ನೇ ಹೇಳಿ ಮೇಡಂ," ಎಂದ. "ಒಂದು ವರ್ಷ ಆತು, ಅವ್ಳು ನನ್ನತ್ರ ಮಾತಾಡಿಲ್ಲ."