ಬಾಡಿಗೆಗೆ ತಂದ ಆಂಧ್ರ

ಇಡೀ ಆಂಧ್ರಪ್ರದೇಶ ನನಗೆ ನೂರಾ ಇಪ್ಪತ್ತು ರೂಪಾಯಿಗೆ ಸಿಕ್ಕಿತು, ಒಂದು ದಿನದ ಬಾಡಿಗೆಗೆ. ಚಾಮರಾಜಪೇಟೆಯ ಡ್ರೆಸ್ ಅಂಗಡಿಯವನು ಮೊದಲು ಹೇಳಿದ್ದು ಅದರ ಎರಡರಷ್ಟು. ಮೂರನೇ ಕ್ಲಾಸಿನಲ್ಲಿದ್ದ ನನ್ನ ಮಗಳು ಲಾವಣ್ಯಳ ಶಾಲೆಯಲ್ಲಿ ಸ್ವಾತಂತ್ರ್ಯ ದಿನಕ್ಕೆ ಮಕ್ಕಳನ್ನೆಲ್ಲ ಒಂದೊಂದು ರಾಜ್ಯ ಮಾಡಿ ನಿಲ್ಲಿಸುವ ಕಾರ್ಯಕ್ರಮವಿತ್ತು. ಅಂಗಡಿಯವನು ಜರಿ ಅಂಚಿನ ಕೆಂಪು ಲಂಗ ತೆಗೆದ. ಅದೇ ರಾಶಿಯಿಂದ ಅಂಥದೇ ಇನ್ನೊಂದನ್ನು ಪಕ್ಕದಲ್ಲಿದ್ದ ಹೆಂಗಸಿಗೆ ಕರ್ನಾಟಕ ಎಂದು ಕೊಟ್ಟ.

"ಎರಡೂ ಒಂದೇ ಅಲ್ವೇನಪ್ಪಾ?" ಎಂದೆ.

"ಲಂಗ ಒಂದೇ ಸಾರ್, ಬೋರ್ಡು ಬೇರೆ," ಎಂದು ಕತ್ತಿಗೆ ನೇತುಹಾಕುವ ರಟ್ಟನ್ನು ತೋರಿಸಿದ. ಹಾಗಾದರೆ ರಟ್ಟಿನ ಬೆಲೆ ಮಾತಾಡೋಣ ಎಂದು ಕೂತೆ. ಇಳಿಸಿದ.

ಚೌಕಾಸಿ ನನ್ನ ಕಸುಬು. ತಲೆಯ ಮೇಲೆ ಸ್ಟೀಲ್ ಪಾತ್ರೆ ಹೊತ್ತು ಬೀದಿ ತಿರುಗಿದವನು ಕಾಟನ್‌ಪೇಟೆಯಲ್ಲಿ ಸ್ವಂತ ಅಂಗಡಿ ಇಟ್ಟಿದ್ದರೆ ಅದು ನಾಲಿಗೆಯ ಪ್ರತಾಪ. ನಮ್ಮ ಬೀದಿಯಲ್ಲಿ ಉರ್ದುವಿನಲ್ಲಿ ಬೆಲೆ ಕೇಳುತ್ತಾರೆ, ತಮಿಳಿನಲ್ಲಿ ಬೈಯುತ್ತಾರೆ, ತೆಲುಗಿನಲ್ಲಿ ದೇವರ ಮೇಲೆ ಆಣೆ ಇಡುತ್ತಾರೆ, ಕೊನೆಗೆ ಕನ್ನಡದಲ್ಲಿ ವ್ಯಾಪಾರ ಕುದುರಿಸುತ್ತಾರೆ. ಪೇಟೆಯೆಂದರೇ ಹಾಗೆ. ಎಲ್ಲಿಂದಲೋ ಬಂದ ನೇಕಾರರು, ಎಣ್ಣೆಯವರು, ದಳ್ಳಾಳಿಗಳು ಸೇರಿ ಕಟ್ಟಿದ ಬೀದಿಗಳು ಇವು. ಇಲ್ಲಿ ಯಾರು ಯಾರಿಗೆ ಮೊದಲು ಜಾಗ ಕೊಟ್ಟರು ಎಂಬ ಲೆಕ್ಕ ತೆಗೆದರೆ ಅಂಗಡಿ ಬಾಗಿಲು ತೆಗೆಯಲು ಹೊತ್ತಿರುವುದಿಲ್ಲ.

ನಮ್ಮ ಮನೆಮಾತು ತೆಲುಗು. ಮೂರು ತಲೆಮಾರಿನಿಂದ ಇದೇ ಊರು. ತಿರುಪತಿಯ ಕ್ಯೂ ಬಿಟ್ಟರೆ ಆಂಧ್ರದಲ್ಲಿ ನಾವು ನಿಂತ ಜಾಗ ಇನ್ನೊಂದಿಲ್ಲ. ಆದರೆ ಟೀಚರು ಕ್ಲಾಸಿನಲ್ಲಿ "ಯಾರ‍್ಯಾರ ಮನೇಲಿ ಏನ್ ಮಾತಾಡ್ತೀರಾ?" ಎಂದು ಕೈ ಎತ್ತಿಸಿ ರಾಜ್ಯ ಹಂಚಿದ್ದರು. ಲಾವಣ್ಯ ತೆಲುಗು ಎಂದಳು, ಆಂಧ್ರವಾದಳು. ಅವಳ ಪಕ್ಕ ಕೂರುವ ನೂರ್, ನಮ್ಮ ರಸ್ತೆಯ ಕೊನೆಮನೆಯ ಹುಡುಗಿ, ಉರ್ದು ಎಂದಳು. ಉರ್ದುವಿಗೆ ಯಾವ ರಾಜ್ಯ ಕೊಡುವುದು? ಟೀಚರು ಯೋಚಿಸಿ ಕಾಶ್ಮೀರ ಕೊಟ್ಟರು, ಉಣ್ಣೆ ಟೋಪಿ ಸಮೇತ.

ಲಾವಣ್ಯಳಿಗೆ ಕರ್ನಾಟಕವೇ ಬೇಕಿತ್ತು. ಎರಡು ದಿನ ಅತ್ತಳು. ನಾನು ಶಾಲೆಗೆ ಹೋದೆ.

"ಮೇಡಂ, ಸ್ವಲ್ಪ ಅಡ್ಜಸ್ಟ್ ಮಾಡಿ. ನಾವು ಇಲ್ಲಿಯವರೇ."

"ನನ್ಗೂ ಗೊತ್ತು ಸಾರ್," ಎಂದರು ಪಾಪ. "ಎಲ್ರೂ ಕರ್ನಾಟಕ ಆಗ್ಬಿಟ್ರೆ ನಾನು ಭಾರತ ಎಲ್ಲಿಂದ ತರ‍್ಲಿ?"

ಬಹುಮಾನಕ್ಕೆ ಸ್ಟೀಲ್ ತಟ್ಟೆ ಕೊಡುತ್ತೇನೆ ಎಂದೆ. ನಕ್ಕು ಬೇಡವೆಂದರು. ಐವತ್ತು ಮಕ್ಕಳನ್ನು ಬರೀ ಗಂಟಲಿನ ಬಲದಿಂದ ಹಿಡಿದಿಟ್ಟುಕೊಂಡಿದ್ದ ಒಳ್ಳೆಯ ಹೆಂಗಸು. ಕೆಟ್ಟವರಾಗಿದ್ದರೆ ನನಗೆ ಗೆಲ್ಲುವ ದಾರಿ ಗೊತ್ತಿತ್ತು.

ಕಾರ್ಯಕ್ರಮದ ದಿನ ನನ್ನ ತಾಯಿಯನ್ನೂ ಕರೆದೊಯ್ದಿದ್ದೆ. ಲಾವಣ್ಯ ಅವರನ್ನು ಕರೆಯುತ್ತಿದ್ದುದು ಅವ್ವ ಎಂದು, ನಮ್ಮ ತೆಲುಗಿನಲ್ಲಿ ಅಜ್ಜಿಗೆ ಹಾಗನ್ನುತ್ತೇವೆ. ಮಕ್ಕಳು ಒಬ್ಬೊಬ್ಬರಾಗಿ ಮೈಕಿನ ಮುಂದೆ ಬಂದರು. "ನಾನು ಕಾಶ್ಮೀರದಿಂದ ಬಂದಿದ್ದೇನೆ," ಎಂದು ನೂರ್ ಟೋಪಿಯೊಳಗೆ ಬೆವರುತ್ತ ಹೇಳಿದಳು. "ನಾನು ಆಂಧ್ರದಿಂದ ಬಂದಿದ್ದೇನೆ," ಎಂದಳು ನನ್ನ ಮಗಳು. ನಡುವೆ ಕರ್ನಾಟಕವಾಗಿ ನಿಂತಿದ್ದ ಅದೇ ಕ್ಲಾಸಿನ ವಸುಧಾ ಕೈಜೋಡಿಸಿ, "ನಮ್ಮ ನಾಡಿಗೆ ನಿಮಗೆಲ್ಲ ಸ್ವಾಗತ," ಎಂದಳು. ಚಪ್ಪಾಳೆಯೋ ಚಪ್ಪಾಳೆ. ನಾನೂ ತಟ್ಟಿದೆ, ಅವ್ವನೂ ತಟ್ಟಿದರು.

ಮನೆಗೆ ನಡೆದು ಬರುವಾಗ ಲಾವಣ್ಯ ಕೇಳಿದಳು: "ಅಪ್ಪಾ, ನಾವು ವಾಪಸ್ ಯಾವಾಗ ಹೋಗೋದು?"

"ಎಲ್ಲಿಗೆ?"

"ಆಂಧ್ರಕ್ಕೆ. ಕ್ಲಾಸಲ್ಲಿ ಎಲ್ರೂ ಕೇಳ್ತಿದ್ರು."

"ನಮ್ಮೂರು ಇದೇ ಕಣೇ."

"ಹಂಗಾದ್ರೆ ನಂಗ್ಯಾಕೆ ಸ್ವಾಗತ ಮಾಡಿದ್ರು?"

ಎಂಥ ಗಿರಾಕಿಗೂ ಉತ್ತರ ಇಟ್ಟುಕೊಂಡಿರುವವನು ನಾನು. ಅವತ್ತು ಚಪ್ಪಲಿಯ ಬಾರು ಸರಿಮಾಡುವ ನೆಪದಲ್ಲಿ ಬಗ್ಗಿದೆ. ಅವಳು ಬಿಡಲಿಲ್ಲ. "ವಸುಧಾ ಮನೇಲಿ ಆಡೋದು ತಮಿಳು ಅಪ್ಪಾ. ಶಂಕರಪುರಂ ಮನೇಗೆ ಹೋದಾಗ ನಾನೇ ಕೇಳ್ಸ್ಕೊಂಡಿದೀನಿ. ಅವ್ಳು ಕನ್ನಡ ಅಂದ್ಲು, ಕರ್ನಾಟಕ ಸಿಕ್ತು. ನಾನು ನಿಜ ಹೇಳ್ದೆ."

ಎಂಟು ವರ್ಷದ ಮಗು ಶಾಲೆಯಿಂದ ಪಾಠ ಕಲಿತು ಬಂದಿತ್ತು. ಪುಸ್ತಕದಲ್ಲಿ ಇದ್ದ ಪಾಠ ಬೇರೆ.

ಮನೆ ಸೇರಿದ ಮೇಲೆ ಅವ್ವ ಎಂದಿನಂತೆ ತಟ್ಟೆ ಹಿಡಿದು ತೆಲುಗಿನಲ್ಲಿ "ರಾವೇ" ಎಂದು ಕರೆದರು. "ಬಂದೆ ಅಜ್ಜಿ, ಕನ್ನಡದಲ್ಲಿ ಮಾತಾಡಿ," ಎಂದಳು ಲಾವಣ್ಯ. ನಾವು ನಕ್ಕೆವು, ಕೋಪ ಎರಡು ದಿನದ್ದು ಎಂದುಕೊಂಡೆವು. ಎರಡು ದಿನದ್ದಾಗಿರಲಿಲ್ಲ. ಚಾಕಲೇಟು ತಂದೆ, ಸೈಕಲ್ಲಿನ ಆಸೆ ತೋರಿಸಿದೆ, ಗದರಿದೆ. ನನ್ನ ಯಾವ ಚೌಕಾಸಿಗೂ ಅವಳು ಬಗ್ಗಲಿಲ್ಲ. ನನ್ನದೇ ರಕ್ತ, ಪಟ್ಟು ಹಿಡಿಯುವುದು ಗೊತ್ತು.

ಅವ್ವನಿಗೆ ಕನ್ನಡ ಬರುತ್ತಿತ್ತು. ಆದರೆ ಅದು ಮೊಸರಿನವಳ ಜೊತೆ, ಎದುರುಮನೆಯವರ ಜೊತೆ ಆಡುವ ಮರ್ಯಾದೆಯ ಕನ್ನಡ. ಅದರಲ್ಲಿ ಅವರು ಊಟ ಆಯ್ತಾ ಎನ್ನಬಲ್ಲವರಾಗಿದ್ದರು, ಸ್ಕೂಲು ಆಯ್ತಾ ಎನ್ನಬಲ್ಲವರಾಗಿದ್ದರು. ಬೈದು ಮುದ್ದುಮಾಡಲು ಬರುತ್ತಿರಲಿಲ್ಲ, ಕತೆಯ ರಾಕ್ಷಸನನ್ನು ಮಗು ಹೆದರುವಂತೆ ಕೂಗಿಸಲು ಬರುತ್ತಿರಲಿಲ್ಲ. ಮೊಮ್ಮಗಳು ಅವರಿಗೆ ಎದುರುಮನೆಯವಳಾಗಿಬಿಟ್ಟಳು. ರಾತ್ರಿ ಕತೆ ಕೇಳುತ್ತ ಅವರ ಪಕ್ಕದಲ್ಲಿ ಮಲಗುತ್ತಿದ್ದವಳು ತನ್ನ ಚಾಪೆಯನ್ನು ನಮ್ಮ ಕೋಣೆಗೆ ತಂದುಕೊಂಡಳು. ಅವ್ವ ದೂರಲಿಲ್ಲ. "ಮಗು ಚೆನ್ನಾಗಿ ಕನ್ನಡ ಮಾತಾಡ್ತದೆ," ಎಂದು ಎದುರುಮನೆಯವರಿಗೆ ಹೇಳಿಕೊಂಡರು.

ಈಗ ಲಾವಣ್ಯ ಕಾಲೇಜು ಮುಗಿಸಿದ್ದಾಳೆ. ಆ ಕತೆಗಳು ಅವ್ವನ ಜೊತೆಗೇ ಹೋದವು. ಅವು ನನಗೂ ಪೂರ್ತಿ ನೆನಪಿಲ್ಲ. ಚಿಕ್ಕವನಿದ್ದಾಗ ಅರ್ಧಕ್ಕೇ ನಿದ್ದೆ ಹೋಗುತ್ತಿದ್ದೆ. ಶಾಲೆಯಲ್ಲಿ ಆ ಕಾರ್ಯಕ್ರಮ ಮಾತ್ರ ವರ್ಷವರ್ಷವೂ ನಡೆಯುತ್ತಿದೆ, ಚಪ್ಪಾಳೆಯೂ ಕಡಿಮೆಯಾಗಿಲ್ಲ. ಇದನ್ನು ಯಾರಾದರೂ ಸರಿಮಾಡುತ್ತಾರೆಂಬ ಭ್ರಮೆ ನನಗಿಲ್ಲ.

ಆದರೂ ಒಂದು ಮಾತು ಹೇಳದೆ ಇರಲಾರೆ. ನಿಮ್ಮ ಮಗು ಇವತ್ತಿಗೂ ಅಜ್ಜಿಗೆ ಅಜ್ಜಿಯ ಮಾತಿನಲ್ಲೇ ಉತ್ತರ ಕೊಡುತ್ತಿದ್ದರೆ ದಯವಿಟ್ಟು ಏನೂ ಮಾಡಬೇಡಿ. ಹೊಗಳಬೇಡಿ, ನೆಂಟರ ಮುಂದೆ ನಿಲ್ಲಿಸಿ ಹೇಳಿಸಬೇಡಿ. ಟಿ.ವಿ. ಸದ್ದು ಕಡಿಮೆ ಮಾಡಿ, ಪಕ್ಕದ ಕೋಣೆಯಲ್ಲಿ ಸುಮ್ಮನೆ ಕೂತು ಕೇಳಿಸಿಕೊಳ್ಳಿ. ನಿದ್ದೆ ಮಾತ್ರ ಹೋಗಬೇಡಿ.