ಮೆಣಸಿನ ಹೊಲದ ಕೆಳಗಿನ ನೀರು

ಯಾರೇ ಎಲ್ಲೇ ಗುಂಡಿ ತೋಡುತ್ತಿರಲಿ, ಒಳಗಿನಿಂದ ಆ ವಾಸನೆ ಬಂದರೆ ನನ್ನ ಕಾಲು ನಿಂತುಬಿಡುತ್ತದೆ. ಮಳೆ ಬಿದ್ದಾಗ ಏಳುವ ಘಮವಲ್ಲ ಅದು. ನೆಲದೊಳಗೆ ಬಹಳ ದಿನ ನಿಂತ ನೀರಿನ ತಣ್ಣನೆಯ, ತುಸು ಮುಗ್ಗಿದ ವಾಸನೆ. ಹನಗೋಡಿನ ಹತ್ತಿರ ಹೊಳೆಯ ಕಡೆಗೆ ಇಳಿದಿದ್ದ ನಮ್ಮ ಮೆಣಸಿನ ಹೊಲವೂ, ಅದರ ಬದುವಿನ ಮೇಲೆ ಸೀರೆ ಎತ್ತಿಕಟ್ಟಿ ನಿಂತ ಗೌರತ್ತೆಯೂ ಆಗ ಕಣ್ಣ ಮುಂದೆ ಬರುತ್ತಾರೆ. ಗೌರತ್ತೆ ಅಪ್ಪನ ಅಕ್ಕ. ಗಂಡ ತೀರಿಕೊಂಡ ಮೇಲೆ ತವರಿಗೆ ಬಂದವರು; ಬಂದ ಮರುದಿನವೇ ಗುದ್ದಲಿ ಹಿಡಿದು ಹೊಲಕ್ಕೆ ಹೋದರಂತೆ.

ಐವತ್ತರ ದಶಕದ ನಡುವಿನ ಒಂದು ವರ್ಷ, ನನಗಾಗ ಎಂಟು ತುಂಬಿತ್ತು. ಗಿಡಗಳು ಹೂವಿಗೆ ಬಂದಿದ್ದ ಹೊತ್ತಿನಲ್ಲಿ ಎಲೆಗಳೆಲ್ಲ ಜೋತುಬಿದ್ದವು. ಅಪ್ಪ ನೀರು ಹಾಯಿಸಿದರು. ಎಲೆ ಇನ್ನಷ್ಟು ಜೋತವು. ಮತ್ತೆ ನಮ್ಮ ನೀರಿನ ಸರದಿ ಬಂದ ಬೆಳಿಗ್ಗೆ ಕಾಲುವೆಯ ಬಾಯಿ ತೆಗೆಯಲು ಹೊರಟ ಅಪ್ಪನಿಗೆ ಅತ್ತೆ ಅಡ್ಡ ನಿಂತರು.

"ನೀರು ಬುಡಬ್ಯಾಡ ಕಣೋ ಸಿದ್ದ."

"ಬಾಡಿ ಸಾಯ್ತಾವೆ ಅಕ್ಕ! ಈ ಸರದಿ ಬುಟ್ರೆ ಇನ್ನು ಎಂಟು ದಿನ ಕಾಯ್ಬೇಕು."

"ಬಾಯಾರಿ ಬಾಡ್ತಿಲ್ಲ. ಬೇರು ಉಸಿರುಕಟ್ಟಿ ಬಾಡ್ತಾ ಅವೆ."

ಅತ್ತೆ ಗಿಡದ ಪಕ್ಕದಲ್ಲೇ ಒಂದು ಗುಂಡಿ ತೋಡಿ ನನ್ನನ್ನು ಕರೆದರು. "ಕೈ ಆಕು ಮಗಾ." ಹಾಕಿದೆ. ಮೊಣಕೈ ಮುಳುಗುವ ಮೊದಲೇ ಬೆರಳಿಗೆ ನೀರು ಸಿಕ್ಕಿತು. ಕೆಸರಾದ ಕೈಯನ್ನು ಅಪ್ಪನಿಗೆ ತೋರಿಸಿದೆ.

ನಿಂತ ನೀರು ಇಳಿದುಹೋಗುವಂತೆ ಹೊಲದ ನಡುವೆ ಹೊಳೆಯವರೆಗೆ ಬಸಿಗಾಲುವೆ ಕಡಿಯಬೇಕೆಂದು ಅತ್ತೆ ಹೇಳಿದರು. ಅಂದರೆ ಹೂ ಬಿಟ್ಟ ಗಿಡಗಳ ಒಂದು ಸಾಲನ್ನೇ ಕೀಳಬೇಕು. ಮೊದಲ ಗಿಡವನ್ನು ಅವರೇ ಕಿತ್ತು, ಕೊಳೆತು ಕಪ್ಪಗಾಗಿದ್ದ ಬೇರನ್ನು ಅಪ್ಪನ ಮುಂದೆ ಹಿಡಿದರು. ಬದುವಿನ ಮೇಲೆ ತಲೆಯ ಮೇಲೆ ಕೈ ಹೊತ್ತು ಕೂತಿದ್ದ ಅಪ್ಪ ಎದ್ದು, ಪಕ್ಕದ ಹೊಲದವರಿಗೆ "ಈ ಸರದಿ ನೀವೇ ಬುಟ್ಕೊಳ್ಳಿ" ಎಂದು ಕೂಗಿ ಹೇಳಿ, ಗುದ್ದಲಿ ಎತ್ತಿಕೊಂಡರು. ಅವ್ವ ಕುಕ್ಕೆಗೆ ಮಣ್ಣು ತುಂಬಿದಳು, ನಾನು ಹೊತ್ತು ಆಚೆ ಹಾಕಿದೆ. ಸಂಜೆಯ ಹೊತ್ತಿಗೆ ಹೊಸ ಕಾಲುವೆಯ ಎರಡೂ ಪಕ್ಕದಿಂದ ನೀರು ಒಸರಿ, ಸಣ್ಣಗೆ ಹೊಳೆಯತ್ತ ಹರಿಯತೊಡಗಿತ್ತು.

ನಾಲ್ಕು ದಿನ ಅಪ್ಪನಿಗೆ ಊಟ ಸೇರಲಿಲ್ಲ. ಅತ್ತೆ ಮಾತ್ರ ಎರಡು ಮುದ್ದೆ ಉಂಡು ನೆಮ್ಮದಿಯಾಗಿದ್ದರು. ಐದನೆಯ ದಿನ ಸುಡುಬಿಸಿಲಲ್ಲೂ ಎಲೆಗಳು ನೆಟ್ಟಗೆ ನಿಂತಿದ್ದವು. ಅಪ್ಪ ಮನೆಗೆ ಓಡಿಬಂದು, ಬಾಗಿಲಲ್ಲೇ ನಿಂತು, "ಅಕ್ಕ, ಎದ್ದವೆ ಕಣಕ್ಕ" ಎಂದರು. ಅತ್ತೆ ರಾಗಿ ಬೀಸುವುದನ್ನು ನಿಲ್ಲಿಸಲಿಲ್ಲ. "ಏಳದೆ ಇನ್ನೇನು?" ಎಂದಷ್ಟೇ ಅಂದರು. ಆಮೇಲೆ ಎಷ್ಟೋ ವರ್ಷ, ಗುಂಡಿಗೆ ಕೈ ಹಾಕಿ ನೋಡದೆ ಅಪ್ಪ ಒಮ್ಮೆಯೂ ನೀರು ಹಾಯಿಸಿದ್ದಿಲ್ಲ.

ಆ ಸಲ ಅಂಗಳದ ತುಂಬ ಕೆಂಪು ಮೆಣಸಿನಕಾಯಿ ಹರಡಿದ್ದೆವು. ಗಾಳಿ ಬೀಸಿದರೆ ಸಾಕು, ಮನೆಮಂದಿಯೆಲ್ಲ ಸೀನುತ್ತಿದ್ದೆವು. ಒಬ್ಬರ ಸೀನು ನಿಲ್ಲುವಷ್ಟರಲ್ಲಿ ಇನ್ನೊಬ್ಬರದು. ಅತ್ತೆ ಸೀನುತ್ತಲೇ ಕಣ್ಣಲ್ಲಿ ನೀರು ಬರುವಂತೆ ನಗುತ್ತಿದ್ದರು. ಆ ಮನೆ ಬಿದ್ದುಹೋಗಿ ಬಹಳ ಕಾಲವಾಯಿತು. ಅಂದು ಸೀನಿದವರಲ್ಲಿ ಈಗ ಉಳಿದಿರುವವಳು ನಾನೊಬ್ಬಳೇ.